ಆಪ್ಟಿಕಲ್ ಫೈಬರ್‌ನಲ್ಲಿ ಸ್ಥಿರ ರೇಡಿಯೊ ಆವರ್ತನಗಳ ದೂರಸಾಗಣೆ

ಪರಮಾಣು ಗಡಿಯಾರ ಹುಟ್ಟಿಸುವ ರೇಡಿಯೊ ಅಲೆಯನ್ನು, ಅದರ ನಿಖರತೆ ಕೆಡದ ಹಾಗೆ, ಗಾಜಿನ ಎಳೆಯ ಮೂಲಕ ಹತ್ತಾರು ಅಥವಾ ನೂರಾರು ಕಿಲೋಮೀಟರ್ ಆಚೆಗೆ ಮುಟ್ಟಿಸುವ ತಂತ್ರ. ಸಾಗಿಸುವ ಸಂಕೇತ ಸಾಮಾನ್ಯವಾಗಿ 10 ಮೆಗಾಹರ್ಟ್ಸ್‌ನಿಂದ ಹತ್ತಾರು ಗಿಗಾಹರ್ಟ್ಸ್‌ವರೆಗಿನ ಒಂದು ಶುದ್ಧ ಸೈನ್ ಅಲೆ. ಅದರಲ್ಲಿ ಮಾತು, ಚಿತ್ರ, ದತ್ತಾಂಶ ಯಾವುದೂ ಇರುವುದಿಲ್ಲ. ಅಲೆ ಯಾವ ಕ್ಷಣದಲ್ಲಿ ಏರಿಳಿತದ ಯಾವ ಬಿಂದುವಿನಲ್ಲಿದೆ ಎಂಬ ಒಂದೇ ಮಾಹಿತಿ ಇರುತ್ತದೆ. ಇದಕ್ಕೆ ಪ್ರಾವಸ್ಥೆ ಅಥವಾ ಫೇಸ್ ಎಂದು ಹೆಸರು. ದೂರಸಂಪರ್ಕದ ಫೈಬರ್‌ನಲ್ಲಿ ಒಂದು ಬಿಟ್ ತುಸು ಬೇಗ ಬಂದರೂ ತಡವಾಗಿ ಬಂದರೂ ಕೆಲಸ ಕೆಡುವುದಿಲ್ಲ. ಇಲ್ಲಿ ಹಾಗಲ್ಲ, ಬಂದು ತಲುಪುವ ಕ್ಷಣವೇ ಸರಕು.

ಅಗತ್ಯ: ಹೈಡ್ರೋಜನ್ ಮೇಸರ್ ಎಂಬ ಪರಮಾಣು ಗಡಿಯಾರ ದುಬಾರಿ ಯಂತ್ರ. ಅದಕ್ಕೆ ತಾಪ, ಕಾಂತಕ್ಷೇತ್ರ, ಅಲುಗಾಟ ಎಲ್ಲದರಿಂದಲೂ ರಕ್ಷಣೆ ಬೇಕು. ಒಂದು ವೀಕ್ಷಣಾಲಯದ ಪ್ರತಿ ಆಂಟೆನಾದ ಬುಡದಲ್ಲೂ ಒಂದೊಂದು ಮೇಸರ್ ಇಡುವುದಕ್ಕಿಂತ ಮಧ್ಯದಲ್ಲಿ ಒಂದನ್ನಿಟ್ಟು ಅದರ ಸಂಕೇತವನ್ನು ಹಂಚುವುದು ಲೇಸು. ಈ ಒತ್ತಾಯ ಎಲ್ಲರಿಗಿಂತ ಹೆಚ್ಚಾಗಿ ಬಂದದ್ದು ರೇಡಿಯೊ ಖಗೋಳಜ್ಞರಿಗೆ. ಅನೇಕ ದೂರದರ್ಶಕಗಳನ್ನು ಕೂಡಿಸಿ ಒಂದೇ ದೊಡ್ಡ ದೂರದರ್ಶಕದಂತೆ ಬಳಸುವ ಇಂಟರ್‌ಫೆರೋಮೀಟರ್‌ನಲ್ಲಿ ಎಲ್ಲ ತಟ್ಟೆಗಳೂ ಒಂದೇ ಶ್ರುತಿಗೆ ಕೂರಬೇಕು. ಎರಡು ತಟ್ಟೆಗಳ ನಡುವಿನ ಪ್ರಾವಸ್ಥೆ ಒಂದು ರೇಡಿಯನ್‌ನಷ್ಟು ಎರ್ರಾಬಿರ್ರಿಯಾಗಿ ತೊನೆದರೆ ಆಕಾಶದಿಂದ ಬಂದ ಸಂಕೇತದ ಸುಮಾರು ಶೇ 40 ಭಾಗ ಕೂಡುವಾಗಲೇ ಕರಗಿಹೋಗುತ್ತದೆ. ಆಳಬಾಹ್ಯಾಕಾಶದ ನೌಕೆಗಳ ಜಾಡು ಹಿಡಿಯುವ ನಿಲ್ದಾಣಗಳು, ಕಣವೇಗೋತ್ಕರ್ಷಕಗಳು, ಪರಮಾಣು ಗಡಿಯಾರಗಳನ್ನು ಪರಸ್ಪರ ಹೋಲಿಸುವ ಮಾಪನಶಾಸ್ತ್ರ ಸಂಸ್ಥೆಗಳು ಇತರ ಮುಖ್ಯ ಬಳಕೆದಾರರು. ಗಡಿಯಾರಗಳ ಹೋಲಿಕೆಗೆ ಉಪಗ್ರಹದ ದಾರಿ ಹಿಂದಿನಿಂದಲೂ ಇದೆ. ಆದರೆ ಒಂದು ಇಡೀ ದಿನ ಸರಾಸರಿ ತೆಗೆದರೂ ಅದರಿಂದ ಸಿಗುವುದು 10⁻¹⁵ ಆಸುಪಾಸಿನ ನಿಖರತೆ. ಬೆಳಕಿನ ಆವರ್ತನವನ್ನು ಆಧರಿಸಿದ ಇಂದಿನ ಅತ್ಯುತ್ತಮ ದ್ಯುತಿ ಗಡಿಯಾರಗಳು 10⁻¹⁸ ಮಟ್ಟ ಮುಟ್ಟಿರುವಾಗ ಅವನ್ನು ಉಪಗ್ರಹದ ಮೂಲಕ ಹೋಲಿಸಹೊರಟರೆ ಗಡಿಯಾರದ ಗುಣ ದಾರಿಯಲ್ಲೇ ಕಳೆದುಹೋಗುತ್ತದೆ.

ಫೈಬರ್‌ನ ಗುಣದೋಷ: 1,550 ನ್ಯಾನೊಮೀಟರ್ ತರಂಗದೂರದ ಬೆಳಕು ಒಳ್ಳೆಯ ಸಿಂಗಲ್ ಮೋಡ್ ಫೈಬರ್‌ನಲ್ಲಿ ಕಿಲೋಮೀಟರ್‌ಗೆ ಸುಮಾರು 0.2 ಡೆಸಿಬೆಲ್ ಮಾತ್ರ ಕ್ಷೀಣಿಸುತ್ತದೆ. 100 ಕಿಲೋಮೀಟರ್ ಹೋದ ಮೇಲೂ ನೂರರಲ್ಲಿ ಒಂದು ಪಾಲು ಉಳಿದಿರುತ್ತದೆ. ತಾಮ್ರದ ಕೋಆಕ್ಸಿಯಲ್ ಕೇಬಲ್‌ನಲ್ಲಿ ಗಿಗಾಹರ್ಟ್ಸ್ ಸಂಕೇತವೊಂದು ಒಂದೆರಡು ಕಿಲೋಮೀಟರ್‌ನಲ್ಲೇ ಸತ್ತುಹೋಗುತ್ತದೆ. ಫೈಬರ್‌ಗೆ ಸಿಡಿಲು, ವಿದ್ಯುತ್ ತಂತಿ, ಮೊಬೈಲ್ ಟವರ್‌ಗಳ ಕಾಟವೂ ಇಲ್ಲ. ಇಷ್ಟೆಲ್ಲ ಒಳ್ಳೆಯ ಗುಣಗಳ ಜೊತೆಗೆ ಅದರದೊಂದು ದೋಷವಿದೆ: ಅದು ತಾಪಕ್ಕೆ ಬಹಳ ಬೇಗ ಸ್ಪಂದಿಸುತ್ತದೆ.

ಒಂದು ಕಿಲೋಮೀಟರ್ ಫೈಬರ್ ದಾಟಲು ಬೆಳಕಿಗೆ ಸುಮಾರು 5 ಮೈಕ್ರೊಸೆಕೆಂಡ್ ಬೇಕು. ತಾಪ ಒಂದು ಡಿಗ್ರಿ ಏರಿದರೆ ಈ ಅವಧಿ ಕಿಲೋಮೀಟರ್‌ಗೆ 40 ಪಿಕೊಸೆಕೆಂಡ್‌ನಷ್ಟು ಹಿಗ್ಗುತ್ತದೆ. ಗಾಜು ಉದ್ದವಾಗುವುದೇ ಕಾರಣವೆಂದು ಮೊದಲಿಗೆ ತೋರುತ್ತದೆ, ಆದರೆ ಅದರ ಪಾಲು ಬಹಳ ಸಣ್ಣದು. ಸಿಲಿಕಾ ಗಾಜಿನ ಹಿಗ್ಗುವಿಕೆ ಹತ್ತು ಲಕ್ಷಕ್ಕೆ ಅರ್ಧ ಭಾಗದಷ್ಟು. ಉಳಿದದ್ದೆಲ್ಲ ಗಾಜಿನ ವಕ್ರೀಭವನ ಸೂಚ್ಯಂಕ ಬದಲಾಗುವುದರಿಂದ ಆಗುವಂಥದ್ದು; ಬಿಸಿಯಾದ ಗಾಜಿನಲ್ಲಿ ಬೆಳಕು ನಿಧಾನವಾಗುತ್ತದೆ. 100 ಕಿಲೋಮೀಟರ್ ಫೈಬರ್ ಒಂದು ದಿನದಲ್ಲಿ ಒಂದೇ ಒಂದು ಡಿಗ್ರಿ ಬಿಸಿಯಾಯಿತೆನ್ನಿ. ವಿಳಂಬ 4 ನ್ಯಾನೊಸೆಕೆಂಡ್ ಹೆಚ್ಚಿತು. ಇದನ್ನು ದಿನದ 86,400 ಸೆಕೆಂಡುಗಳಿಂದ ಭಾಗಿಸಿದರೆ ಆವರ್ತನದಲ್ಲಿ 4.6 × 10⁻¹⁴ರಷ್ಟು ತಪ್ಪು. ಒಳ್ಳೆಯ ಮೇಸರ್‌ನ ದಿನದ ಅಸ್ಥಿರತೆ 10⁻¹⁵ರ ಆಸುಪಾಸು. ಅಂದರೆ ಏನೂ ಮಾಡದೆ ಬಿಟ್ಟರೆ ಫೈಬರ್ ಆ ಮೇಸರನ್ನು ಹತ್ತಾರು ಪಟ್ಟು ಕೆಡಿಸಿ ಕೊಡುತ್ತದೆ.

ಫೈಬರನ್ನು ನೆಲದಲ್ಲಿ ಹೂಳುವುದು ಮೊದಲ ಉಪಾಯ. ಹಗಲು ರಾತ್ರಿಯ ತಾಪದ ಏರಿಳಿತ ಮಣ್ಣಿನಲ್ಲಿ ಒಂದು ಗೇಣು ಇಳಿಯುವಷ್ಟರಲ್ಲಿ ಬಹುಪಾಲು ಅಡಗುತ್ತದೆ, ಒಂದು ಮೀಟರ್ ಆಳದಲ್ಲಿ ಅದರ ಸುಳಿವೇ ಇರುವುದಿಲ್ಲ. ಋತುಮಾನದ ಏರಿಳಿತ ಮಾತ್ರ ಆ ಆಳಕ್ಕೂ ಇಳಿಯುತ್ತದೆ, ಆದರೆ ಬಹು ನಿಧಾನವಾಗಿ. ಹೂತ ಫೈಬರ್‌ಗೂ ಲಾರಿ, ರೈಲು, ರಸ್ತೆ ಕಾಮಗಾರಿಯ ಕಂಪನ ತಟ್ಟುತ್ತದೆ. ಕಂಬದಿಂದ ಕಂಬಕ್ಕೆ ತೂಗುವ ಫೈಬರ್‌ನದು ಇನ್ನೂ ಕಷ್ಟ: ಬಿಸಿಲು ನೇರವಾಗಿ ಬೀಳುತ್ತದೆ, ಗಾಳಿ ಬೀಸಿದಾಗಲೆಲ್ಲ ಎಳೆತ ಬದಲಾಗುತ್ತದೆ.

ಹೋಗಿ ಬರುವ ಬೆಳಕು: ಇಡೀ ತಂತ್ರದ ತಿರುಳು ಒಂದೇ ಯೋಚನೆಯಲ್ಲಿದೆ. ಫೈಬರ್‌ನ ವಿಳಂಬ ಎಷ್ಟು ಬದಲಾಯಿತೆಂದು ಅದನ್ನೇ ಕೇಳಬೇಕು. ಕಳುಹಿಸಿದ ಬೆಳಕಿನ ಒಂದು ಪಾಲನ್ನು ದೂರದ ತುದಿಯಿಂದ ಅದೇ ಫೈಬರ್‌ನಲ್ಲಿ ಹಿಂದಕ್ಕೆ ತಿರುಗಿಸಿದರೆ ಅದು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಒಂದೇ ವಿಳಂಬವನ್ನು ಹೊತ್ತು ತರುತ್ತದೆ. ಮರಳಿದ ಅಲೆಯನ್ನು ಮೂಲ ಅಲೆಯ ಜೊತೆ ಹೋಲಿಸಿದಾಗ ಸಿಗುವುದು ಆ ವಿಳಂಬದ ಎರಡರಷ್ಟು. ಅದರ ಅರ್ಧವನ್ನು ತೆಗೆದುಕೊಂಡು, ಅಷ್ಟನ್ನು ಮುಂಚಿತವಾಗಿಯೇ ವಿರುದ್ಧ ದಿಕ್ಕಿನಲ್ಲಿ ಸೇರಿಸಿ ಕಳುಹಿಸಿದರೆ ದೂರದ ತುದಿಗೆ ತಲುಪುವ ಅಲೆ ಸ್ಥಿರವಾಗಿರುತ್ತದೆ.

ಸರಿಪಡಿಸುವ ಸಾಧನ ಹಲವು ಬಗೆಯದು. ಪೀಜೋ ವಿದ್ಯುತ್ ಉರುಳೆಗೆ ಸುತ್ತಿದ ಕೆಲವು ಮೀಟರ್ ಫೈಬರನ್ನು ವೋಲ್ಟೇಜಿನಿಂದ ಹಿಗ್ಗಿಸಿ ಕುಗ್ಗಿಸಬಹುದು. ಇದು ಚುರುಕು, ಆದರೆ ಇದರ ವ್ಯಾಪ್ತಿ ಕೆಲವೇ ಪಿಕೊಸೆಕೆಂಡ್. ದೊಡ್ಡ ನಿಧಾನ ಬದಲಾವಣೆಗಳಿಗೆ ಒಂದು ಸುರುಳಿ ಫೈಬರನ್ನು ಪೆಟ್ಟಿಗೆಯಲ್ಲಿಟ್ಟು ಕಾಯಿಸುತ್ತಾರೆ, ತಣಿಸುತ್ತಾರೆ. ದಾರಿಯಲ್ಲಿ ಕಾಟ ಕೊಡುವ ತಾಪಗುಣವನ್ನೇ ಇಲ್ಲಿ ದುಡಿಸಿಕೊಳ್ಳುವುದು ನನಗೆ ಬಹಳ ಮೆಚ್ಚುಗೆಯ ಸಂಗತಿ. ಮೂರನೆಯದು ಎಲೆಕ್ಟ್ರಾನಿಕ್ ದಾರಿ: ಕಳುಹಿಸುವ ರೇಡಿಯೊ ಅಲೆಯ ಪ್ರಾವಸ್ಥೆಯನ್ನೇ ಸರ್ಕೀಟಿನಲ್ಲಿ ಹಿಂದೆ ಮುಂದೆ ಮಾಡುವುದು. ಪೋಲೆಂಡ್‌ನ ಕ್ರಾಕೋವ್‌ನಲ್ಲಿರುವ ಎಜಿಎಚ್ ವಿಶ್ವವಿದ್ಯಾಲಯದ ತಂಡ ಇದಕ್ಕಾಗಿ ಒಂದೇ ಚಿಪ್‌ನಲ್ಲಿ ಎರಡು ತದ್ರೂಪಿ ವಿಳಂಬ ಸರ್ಕೀಟುಗಳನ್ನು ಮಾಡಿತು, ಒಂದು ಹೋಗುವ ಸಂಕೇತಕ್ಕೆ, ಇನ್ನೊಂದು ಬರುವ ಸಂಕೇತಕ್ಕೆ. ಆ ದೇಶದಲ್ಲಿ ವಾರ್ಸಾದ ಮಾಪನ ಕಚೇರಿಗೂ ಬೊರೊವಿಯೆಟ್ಸ್‌ನ ವೀಕ್ಷಣಾಲಯಕ್ಕೂ ನಡುವಿನ ಸುಮಾರು 420 ಕಿಲೋಮೀಟರ್ ಫೈಬರ್ ಸಂಪರ್ಕ 2012ರಿಂದ ಈ ವ್ಯವಸ್ಥೆಯಲ್ಲಿ ನಡೆದಿದೆ.

ಈ ಉಪಾಯಕ್ಕೆ ಪ್ರಕೃತಿಯೇ ಹಾಕಿದ ಒಂದು ಮಿತಿ ಇದೆ. ಬೆಳಕು ಹೋಗಿ ಬಂದು ಸುದ್ದಿ ಹೇಳುವುದಕ್ಕೆ ಸಮಯ ಹಿಡಿಯುತ್ತದೆ. 100 ಕಿಲೋಮೀಟರ್ ಸಂಪರ್ಕದಲ್ಲಿ ಹೋಗಿಬರಲು 1 ಮಿಲಿಸೆಕೆಂಡ್ ಬೇಕಾದ್ದರಿಂದ ಸುಮಾರು 500 ಹರ್ಟ್ಸ್‌ಗಿಂತ ಚುರುಕಾದ ಕಂಪನಗಳನ್ನು ಯಾವ ಜಾಣ ಸರ್ಕೀಟೂ ತಿದ್ದಲಾರದು. 1,000 ಕಿಲೋಮೀಟರ್‌ಗೆ ಆ ಗಡಿ 50 ಹರ್ಟ್ಸ್‌ಗೆ ಇಳಿಯುತ್ತದೆ. ಅದಕ್ಕೇ ಉದ್ದದ ದಾರಿಯನ್ನು ತುಂಡು ತುಂಡಾಗಿ ಒಡೆದು, ಪ್ರತಿ ತುಂಡನ್ನೂ ಬೇರೆಯಾಗಿ ತಿದ್ದಿ, ಮಧ್ಯದ ನಿಲ್ದಾಣಗಳಲ್ಲಿ ಸಂಕೇತವನ್ನು ಹೊಸದಾಗಿಸಿ ಮುಂದೆ ಕಳುಹಿಸುವುದು ರೂಢಿ. ತಿದ್ದಲಾಗದೆ ಉಳಿದ ಚುರುಕು ಗದ್ದಲವನ್ನು ದೂರದ ತುದಿಯಲ್ಲಿ ಒಳ್ಳೆಯ ಸ್ಫಟಿಕ ಆಂದೋಲಕವೊಂದು ಸೋಸುತ್ತದೆ: ಅದು ಕ್ಷಣಿಕ ಅಲುಗಾಟಗಳಿಗೆ ಕಿವಿಗೊಡದೆ, ಫೈಬರ್‌ನಿಂದ ಬಂದ ಅಲೆಯ ಸರಾಸರಿಯನ್ನು ಮಾತ್ರ ಹಿಂಬಾಲಿಸುತ್ತದೆ.

ಎರಡೂ ದಿಕ್ಕು ಒಂದೇ ಆಗಿರಬೇಕು: ಅರ್ಧ ಮಾಡುವ ಲೆಕ್ಕ ನಿಲ್ಲುವುದು ಹೋಗುವ ದಾರಿಯೂ ಬರುವ ದಾರಿಯೂ ತದ್ವತ್ ಒಂದೇ ಆಗಿದ್ದರೆ ಮಾತ್ರ. ಈ ಕ್ಷೇತ್ರದ ಬಹುತೇಕ ಶ್ರಮ ನಡೆದಿರುವುದು ಈ ಒಂದು ಷರತ್ತನ್ನು ಕಾಯುವುದಕ್ಕೆ.

ದೂರಸಂಪರ್ಕದ ಕೇಬಲ್‌ನಲ್ಲಿ ಹೋಗಲು ಒಂದು ಎಳೆ, ಬರಲು ಇನ್ನೊಂದು ಎಳೆ ಇರುವುದು ವಾಡಿಕೆ. ಎರಡೂ ಒಂದೇ ಕವಚದೊಳಗಿದ್ದರೂ ಅವುಗಳ ಎಳೆತ, ಬೆಸುಗೆ, ತಾಪ ಒಂದೇ ಆಗಿರುವುದಿಲ್ಲ. ಆದ್ದರಿಂದ ಒಂದೇ ಎಳೆಯನ್ನು ಎರಡೂ ದಿಕ್ಕಿಗೆ ಬಳಸಬೇಕು. ಹಾಗೆ ಮಾಡಿದ ಕೂಡಲೇ ಬೇರೊಂದು ತೊಡಕು ಎದುರಾಗುತ್ತದೆ. ಗಾಜಿನ ಕಣಕಣದಿಂದಲೂ ಬೆಳಕು ತುಸು ಹಿಂದಕ್ಕೆ ಚದುರುತ್ತದೆ, ಕನೆಕ್ಟರುಗಳಲ್ಲೂ ಪ್ರತಿಫಲಿಸುತ್ತದೆ. ದೂರದ ತುದಿಯನ್ನು ಮುಟ್ಟದೆಯೇ ಅರ್ಧ ದಾರಿಯಲ್ಲಿ ತಿರುಗಿ ಬಂದ ಈ ಬೆಳಕು ನಿಜವಾದ ಮರುಸಂಕೇತದ ಜೊತೆ ಬೆರೆತು ಅಳತೆಯನ್ನು ಕೆಡಿಸುತ್ತದೆ. ಮರಳುವ ಬೆಳಕಿಗೆ ಬೇರೆ ತರಂಗದೂರ ಕೊಟ್ಟರೆ ಇವೆರಡನ್ನೂ ಬೇರ್ಪಡಿಸಬಹುದು. ಆದರೆ ಫೈಬರ್‌ನಲ್ಲಿ ಬೇರೆ ಬೇರೆ ತರಂಗದೂರಗಳ ವೇಗ ಬೇರೆ ಬೇರೆ. 1,550 ನ್ಯಾನೊಮೀಟರ್ ಬಳಿ, ಒಂದು ನ್ಯಾನೊಮೀಟರ್ ಅಂತರಕ್ಕೆ ಕಿಲೋಮೀಟರ್‌ಗೆ 17 ಪಿಕೊಸೆಕೆಂಡ್ ವ್ಯತ್ಯಾಸ. ಪಕ್ಕದ ಚಾನೆಲ್‌ನಷ್ಟೇ, ಅಂದರೆ 0.8 ನ್ಯಾನೊಮೀಟರ್, ದೂರದಲ್ಲಿಟ್ಟರೂ 100 ಕಿಲೋಮೀಟರ್‌ಗೆ ಹೆಚ್ಚುಕಡಿಮೆ 1,400 ಪಿಕೊಸೆಕೆಂಡ್ ಅಂತರ ಬೀಳುತ್ತದೆ. ಈ ಅಂತರ ಸ್ಥಿರವಾಗಿದ್ದರೆ ಆವರ್ತನ ಸಾಗಿಸುವವರಿಗೆ ತೊಂದರೆಯಿಲ್ಲ. ಗಂಟೆ ನಿಮಿಷ ಸೆಕೆಂಡನ್ನೇ ಸಾಗಿಸಬೇಕಾದವರು ಇದನ್ನು ಅಳೆದು ಕಳೆಯಲೇಬೇಕು. ಇದಕ್ಕಿಂತ ನಾಜೂಕಾದ ದಾರಿ ಎಂದರೆ ತರಂಗದೂರವನ್ನು ಹಾಗೆಯೇ ಉಳಿಸಿ, ಮರಳುವ ಬೆಳಕಿನ ಆವರ್ತನವನ್ನು ಹತ್ತಾರು ಮೆಗಾಹರ್ಟ್ಸ್ ಮಾತ್ರ ಸರಿಸುವುದು. ಅಷ್ಟು ಸಾಕು, ಸರ್ಕೀಟು ಅದನ್ನು ಗುರುತಿಸುತ್ತದೆ.

ವರ್ಧಕಗಳದು ಇನ್ನೊಂದು ಸಮಸ್ಯೆ. 1987ರ ಸುಮಾರಿಗೆ ಸೌತಾಂಪ್ಟನ್‌ನಲ್ಲಿ ಡೇವಿಡ್ ಪೇನ್ ಅವರ ತಂಡವೂ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಎಮ್ಯಾನುಯೆಲ್ ಡೆಸುರ್ವಿರ್ ಮತ್ತು ಸಂಗಡಿಗರೂ ರೂಪಿಸಿದ ಎರ್ಬಿಯಂ ವರ್ಧಕಗಳು ಜಗತ್ತಿನ ಫೈಬರ್ ಜಾಲದ ಬೆನ್ನೆಲುಬು. ಮಾರುಕಟ್ಟೆಯ ಎರ್ಬಿಯಂ ವರ್ಧಕದಲ್ಲಿ ಬೆಳಕನ್ನು ಒಂದೇ ದಿಕ್ಕಿಗೆ ಬಿಡುವ ಐಸೊಲೇಟರ್ ಇರುತ್ತದೆ, ಮರಳುವ ಬೆಳಕು ಅಲ್ಲೇ ನಿಂತುಬಿಡುತ್ತದೆ. ಐಸೊಲೇಟರ್ ತೆಗೆದರೆ ಹಿಂದಕ್ಕೆ ಚದುರಿದ ಬೆಳಕೂ ವರ್ಧಿಸಿ, ವರ್ಧಕವೇ ಲೇಸರ್‌ನಂತೆ ಆಂದೋಲಿಸತೊಡಗುತ್ತದೆ. ಅದಕ್ಕೇ ಈ ಸಂಪರ್ಕಗಳಲ್ಲಿ ವರ್ಧನೆಯನ್ನು ಕಡಿಮೆಯಿಟ್ಟು, ಹೆಚ್ಚು ವರ್ಧಕಗಳನ್ನು ಹತ್ತಿರ ಹತ್ತಿರ ಕೂರಿಸುತ್ತಾರೆ. ಬಾಡಿಗೆಗೆ ಪಡೆದ ದೂರಸಂಪರ್ಕ ಫೈಬರ್‌ನಲ್ಲಿ ಪ್ರತಿ ಸಾಮಾನ್ಯ ವರ್ಧಕವನ್ನೂ ಬಳಸು ಹಾದಿಯಲ್ಲಿ ದಾಟಬೇಕಾಗುತ್ತದೆ.

ಕೊನೆಯ ಶತ್ರು ಅಡಗಿರುವುದು ಪ್ರಯೋಗಾಲಯದ ಒಳಗೇ. ಲೇಸರ್‌ನಿಂದ ಸಂಪರ್ಕದ ಬಾಯಿಗೆ ಹೋಗುವ ಒಂದು ಮೀಟರ್ ಹಳದಿ ಪ್ಯಾಚ್‌ಕಾರ್ಡ್ ಮರಳುವ ಬೆಳಕಿನ ದಾರಿಯಲ್ಲಿಲ್ಲವೆಂದುಕೊಳ್ಳಿ. ಕೋಣೆಯ ಏಸಿ ಶುರುವಾಗಿ ನಿಂತು ತಾಪ ಒಂದು ಡಿಗ್ರಿ ತೊನೆದರೆ ಆ ಒಂದು ಮೀಟರ್ 40 ಫೆಮ್ಟೊಸೆಕೆಂಡ್ ಸರಿಯುತ್ತದೆ. ಸಾವಿರ ಸೆಕೆಂಡಿನಲ್ಲಿ ಇದು ನಡೆದರೆ 4 × 10⁻¹⁷. ನೂರು ಕಿಲೋಮೀಟರ್ ಹಾದಿಯನ್ನು ತಿದ್ದಿ ಗೆದ್ದ ವ್ಯವಸ್ಥೆ ಮೇಜಿನ ಮೇಲಿನ ಒಂದು ಮೀಟರ್‌ಗೆ ಸೋಲುತ್ತದೆ. ಈ ಪ್ಯಾಚ್‌ಕಾರ್ಡುಗಳನ್ನು ಗೇಣುದ್ದಕ್ಕೆ ಕತ್ತರಿಸಿ ತಾಪನಿಯಂತ್ರಿತ ಪೆಟ್ಟಿಗೆಯಲ್ಲಿ ಮುಚ್ಚಿಡುವುದು ಈ ಕೆಲಸದ ಬಹು ಮುಖ್ಯ ಕಸುಬುಗಾರಿಕೆ.

ಧ್ರುವೀಕರಣ ಬದಲಾದಾಗ ವಿಳಂಬ ತುಸು ಬದಲಾಗುವುದು, ಫೋಟೊಡಯೋಡ್‌ನಲ್ಲಿ ಬೆಳಕಿನ ತೀವ್ರತೆ ಏರಿಳಿದಾಗ ಪ್ರಾವಸ್ಥೆಯೂ ಸರಿಯುವುದು ಮುಂತಾದ ಸೂಕ್ಷ್ಮ ದೋಷಗಳೂ ಇವೆ. ಹೆಚ್ಚಿನ ಆವರ್ತನ ಸಾಗಿಸುವವರಿಗೆ ಇನ್ನೊಂದು ಬಲೆ ಕಾದಿರುತ್ತದೆ. ಬೆಳಕಿನ ತೀವ್ರತೆಯನ್ನು ರೇಡಿಯೊ ಅಲೆಯಿಂದ ಏರಿಳಿಸಿದಾಗ ಮೂಲ ಬೆಳಕಿನ ಎರಡೂ ಪಕ್ಕಗಳಲ್ಲಿ ಪಟ್ಟಿಗಳು ಹುಟ್ಟುತ್ತವೆ. ಅವೆರಡೂ ಬೇರೆ ಬೇರೆ ವೇಗದಲ್ಲಿ ಸಾಗಿ, ಕೆಲವು ಆವರ್ತನಗಳಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. 100 ಕಿಲೋಮೀಟರ್ ಸಾಮಾನ್ಯ ಫೈಬರ್‌ನಲ್ಲಿ ಮೊದಲ ಅಳಿವು 6 ಗಿಗಾಹರ್ಟ್ಸ್ ಬಳಿ ಬೀಳುತ್ತದೆ. ಒಂದು ಪಟ್ಟಿಯನ್ನು ಸೋಸಿ ತೆಗೆಯುವುದು ಅಥವಾ ಎರಡು ಲೇಸರ್‌ಗಳ ಅಂತರವನ್ನೇ ರೇಡಿಯೊ ಅಲೆಯಾಗಿ ಬಳಸುವುದು ಇದಕ್ಕೆ ಪರಿಹಾರ.

ಬೆಳವಣಿಗೆ: ಅಮೆರಿಕದ ನ್ಯೂಮೆಕ್ಸಿಕೊದಲ್ಲಿ 1980ರಲ್ಲಿ ಉದ್ಘಾಟನೆಯಾದ ವೆರಿ ಲಾರ್ಜ್ ಅರೇ ದೂರದರ್ಶಕದ 27 ತಟ್ಟೆಗಳನ್ನು ಜೋಡಿಸಿದ್ದು ನೆಲದಲ್ಲಿ ಹೂತ 60 ಮಿಲಿಮೀಟರ್ ವ್ಯಾಸದ ಲೋಹದ ಕೊಳವೆಗಳು. ಅವು ಮೈಕ್ರೊವೇವ್ ಅಲೆಯನ್ನೇ ಹೊತ್ತು ಸಾಗುತ್ತಿದ್ದವು. 2012ರಲ್ಲಿ ಮುಗಿದ ನವೀಕರಣದಲ್ಲಿ ಆ ಜಾಗಕ್ಕೆ ಫೈಬರ್ ಬಂತು. ಅದಕ್ಕೂ ಬಹಳ ಮೊದಲೇ ನಾಸಾದ ಜೆಪಿಎಲ್ ಸಂಸ್ಥೆ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್ ನಿಲ್ದಾಣದಲ್ಲಿ ಮೇಸರ್ ಸಂಕೇತವನ್ನು 29 ಕಿಲೋಮೀಟರ್ ಫೈಬರ್‌ನಲ್ಲಿ ಸಾಗಿಸುವ ಪ್ರಯೋಗಗಳನ್ನು 1980ರ ದಶಕದಲ್ಲೇ ಮಾಡಿ ತೋರಿಸಿತ್ತು. ಇಂದಿನ ಅನೇಕ ಪದ್ಧತಿಗಳ ಬೇರು ಅಲ್ಲಿದೆ.

ಪ್ಯಾರಿಸ್‌ನಲ್ಲಿ ನಡೆದ ಕೆಲಸ ಈ ತಂತ್ರದ ನಿಖರತೆಯನ್ನು ಮತ್ತೊಂದು ಮಟ್ಟಕ್ಕೆ ಏರಿಸಿತು. ನಗರದ ನೆಲದಡಿಯ ಫೈಬರ್ ಬಳಸಿ ಪ್ಯಾರಿಸ್ ವೀಕ್ಷಣಾಲಯದ ಸಿರ್ಟ್ ಪ್ರಯೋಗಾಲಯವನ್ನೂ ಉತ್ತರದ ಉಪನಗರದಲ್ಲಿರುವ ಲೇಸರ್ ಭೌತವಿಜ್ಞಾನ ಪ್ರಯೋಗಾಲಯವನ್ನೂ 43 ಕಿಲೋಮೀಟರ್ ಸಂಪರ್ಕ ಕೂಡಿಸಿತು. ಎರಡು ಎಳೆಗಳನ್ನು ಸೇರಿಸಿ 86 ಕಿಲೋಮೀಟರ್ ಮಾಡಿ, 2008ರಲ್ಲಿ 9 ಗಿಗಾಹರ್ಟ್ಸ್‌ಗೂ ಮೇಲಿನ ರೇಡಿಯೊ ಸಂಕೇತವನ್ನು ಸಾಗಿಸಿ ಒಂದು ದಿನದ ಸರಾಸರಿಯಲ್ಲಿ 10⁻¹⁸ ಮಟ್ಟದ ಸ್ಥಿರತೆ ಪಡೆದರು. ಬೀಜಿಂಗ್‌ನ ಚಿಂಗ್‌ಹುವಾ ವಿಶ್ವವಿದ್ಯಾಲಯದವರು 2012ರಲ್ಲಿ 80 ಕಿಲೋಮೀಟರ್ ಫೈಬರ್‌ನಲ್ಲಿ 5 × 10⁻¹⁹ ವರದಿ ಮಾಡಿದರು.

ಆ ಹೊತ್ತಿಗೆ ಪ್ರತಿಸ್ಪರ್ಧಿಯೊಂದು ಬಂದಿತ್ತು: ರೇಡಿಯೊ ಅಲೆಯ ಗೊಡವೆಯೇ ಬೇಡ, ಲೇಸರ್ ಬೆಳಕಿನ ಆವರ್ತನವನ್ನೇ ಸಾಗಿಸೋಣ ಎನ್ನುವ ಮಾರ್ಗ. 1,550 ನ್ಯಾನೊಮೀಟರ್ ಬೆಳಕು ಸೆಕೆಂಡಿಗೆ 193 ಲಕ್ಷ ಕೋಟಿ ಸಲ ಕಂಪಿಸುತ್ತದೆ. ಒಂದು ಫೆಮ್ಟೊಸೆಕೆಂಡ್ ಅಲುಗಾಟ 10 ಗಿಗಾಹರ್ಟ್ಸ್ ಅಲೆಯ ಆವರ್ತದಲ್ಲಿ ಲಕ್ಷದಲ್ಲಿ ಒಂದು ಪಾಲು, ಅಳೆಯುವುದೇ ಕಷ್ಟ. ಬೆಳಕಿನಲ್ಲಾದರೋ ಅದು ಆವರ್ತದ ಐದನೆಯ ಒಂದು ಪಾಲು. ಜರ್ಮನಿಯ ಬ್ರೌನ್‌ಶ್ವೈಗ್‌ನ ಪಿಟಿಬಿ ಸಂಸ್ಥೆಯನ್ನೂ ಗಾರ್ಶಿಂಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯನ್ನೂ ಜೋಡಿಸಿದ 920 ಕಿಲೋಮೀಟರ್ ಸಂಪರ್ಕದ ಫಲಿತಾಂಶ 2012ರಲ್ಲಿ ಹೊರಬಂತು. 2016ರಲ್ಲಿ ಪ್ಯಾರಿಸ್ ಮತ್ತು ಬ್ರೌನ್‌ಶ್ವೈಗ್‌ನ ಸ್ಟ್ರಾನ್ಷಿಯಂ ಗಡಿಯಾರಗಳನ್ನು 1,415 ಕಿಲೋಮೀಟರ್ ಫೈಬರ್ ಮೂಲಕ ಹೋಲಿಸಿದರು. ಎರಡು ಊರುಗಳ ಎತ್ತರದಲ್ಲಿರುವ ಇಪ್ಪತ್ತೈದು ಮೀಟರ್ ಆಸುಪಾಸಿನ ವ್ಯತ್ಯಾಸವೇ ಗುರುತ್ವದ ಕಾರಣದಿಂದ ಗಡಿಯಾರಗಳ ನಡೆಯಲ್ಲಿ ಎದ್ದು ಕಾಣುತ್ತದೆ, ಅದನ್ನು ಲೆಕ್ಕ ಹಾಕಿ ಕಳೆಯಬೇಕಾಯಿತು.

ಇಷ್ಟಾದರೂ ರೇಡಿಯೊ ಆವರ್ತನದ ಸಾಗಣೆ ಮೂಲೆಗೆ ಬೀಳಲಿಲ್ಲ, ಬೀಳಬೇಕಾದ ಕಾರಣವೂ ಕಾಣುವುದಿಲ್ಲ. ಬೆಳಕಿನ ಆವರ್ತನ ಕೈಗೆ ಬಂದರೂ ಅದನ್ನು ಬಳಸಬಲ್ಲ ರೇಡಿಯೊ ಅಲೆಯಾಗಿ ಇಳಿಸಲು ಪ್ರತಿ ತುದಿಯಲ್ಲೂ ಫ್ರೀಕ್ವೆನ್ಸಿ ಕೋಂಬ್ ಎಂಬ ದುಬಾರಿ, ನಾಜೂಕು ಲೇಸರ್ ಬೇಕು. ಇನ್ನೂರು ತಟ್ಟೆಗಳ ಬುಡದಲ್ಲಿ ಇನ್ನೂರು ಕೋಂಬ್ ಇಡುವವರಾರು? ರೇಡಿಯೊ ಸಂಕೇತವನ್ನು ಒಂದು ಫೋಟೊಡಯೋಡ್‌ನಿಂದ ಹೊರತೆಗೆದರೆ ಅದು ಬಳಕೆಗೆ ಸಿದ್ಧ.

ದೂರದರ್ಶಕಗಳಲ್ಲಿ: ಚಿಲಿಯ ಚಾಹ್ನಂತೋರ್ ಪ್ರಸ್ಥಭೂಮಿಯಲ್ಲಿ 5,000 ಮೀಟರ್ ಎತ್ತರದಲ್ಲಿರುವ ಆಲ್ಮಾ ಈ ತಂತ್ರದ ಅತಿ ಕಠಿಣ ಪರೀಕ್ಷೆ. ಅಲ್ಲಿ 66 ತಟ್ಟೆಗಳು 16 ಕಿಲೋಮೀಟರ್‌ವರೆಗೆ ಹರಡಿಕೊಂಡು 950 ಗಿಗಾಹರ್ಟ್ಸ್‌ವರೆಗಿನ ಅಲೆಗಳನ್ನು ಹಿಡಿಯುತ್ತವೆ. ಆ ಅಲೆಯ ಒಂದು ಆವರ್ತವೇ ಒಂದು ಪಿಕೊಸೆಕೆಂಡ್. ಎರಡು ಲೇಸರ್ ಬಣ್ಣಗಳನ್ನು ಒಂದೇ ಫೈಬರ್‌ನಲ್ಲಿ ಕಳುಹಿಸುತ್ತಾರೆ. ತಟ್ಟೆಯ ಬಳಿ ಅವೆರಡರ ಅಂತರ ಹತ್ತಾರು ಗಿಗಾಹರ್ಟ್ಸ್‌ನ ರೇಡಿಯೊ ಅಲೆಯಾಗಿ ಹೊರಬಂದು, ಬೇಕಾದಂತೆ ಒಂಬತ್ತು ಪಟ್ಟಿನವರೆಗೂ ಗುಣಿತಗೊಳ್ಳುತ್ತದೆ. ಗುಣಿಸಿದಾಗ ದೋಷವೂ ಅಷ್ಟೇ ಪಟ್ಟು ಬೆಳೆಯುವುದರಿಂದ ಪ್ರತಿ ತಟ್ಟೆಯ ಫೈಬರನ್ನೂ ಹಿಗ್ಗಿಸಿ ಕುಗ್ಗಿಸುವ ಸಾಧನವೊಂದು ಸದಾ ತಿದ್ದುತ್ತಿರುತ್ತದೆ.

ನಮ್ಮ ದೇಶದ ದೊಡ್ಡ ಉದಾಹರಣೆ ಪುಣೆ ಜಿಲ್ಲೆಯ ಖೋಡದ್ ಬಳಿಯ ಜಿಎಂಆರ್‌ಟಿ. ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ ಕಟ್ಟಿದ ಈ ದೂರದರ್ಶಕದ ತಲಾ 45 ಮೀಟರ್ ವ್ಯಾಸದ 30 ತಟ್ಟೆಗಳಲ್ಲಿ 14 ನಡುವೆ ಒತ್ತಾಗಿವೆ, ಉಳಿದ 16 ಮೂರು ತೋಳುಗಳಲ್ಲಿ ಹರಡಿವೆ. ಕಡೆಯ ತಟ್ಟೆಗಳ ಅಂತರ ಸುಮಾರು 25 ಕಿಲೋಮೀಟರ್. ಮೊದಲಿನಿಂದಲೂ ಅಲ್ಲಿ ಅನಲಾಗ್ ಫೈಬರ್ ಸಂಪರ್ಕವೇ ಇದೆ. ನವೀಕರಣದ ನಂತರ ತಟ್ಟೆ ಹಿಡಿದ ರೇಡಿಯೊ ಅಲೆಯನ್ನೇ ಆವರ್ತನ ಇಳಿಸದೆ ನೇರವಾಗಿ ಮಧ್ಯದ ಕಟ್ಟಡಕ್ಕೆ ತರುತ್ತಾರೆ. 20 ಕಿಲೋಮೀಟರ್ ಫೈಬರ್ ಒಂದು ಡಿಗ್ರಿ ಬಿಸಿಯಾದರೆ 800 ಪಿಕೊಸೆಕೆಂಡ್ ಸರಿಯುತ್ತದೆ. ಜಿಎಂಆರ್‌ಟಿಯ ಮೇಲ್ತುದಿಯ 1,400 ಮೆಗಾಹರ್ಟ್ಸ್‌ನಲ್ಲಿ ಅದು ಒಂದು ಪೂರ್ಣ ಆವರ್ತಕ್ಕಿಂತ ಹೆಚ್ಚು. ಆದರೆ ಹೂತ ಫೈಬರ್‌ನ ತಾಪ ಬದಲಾಗುವುದು ನಿಧಾನ. ವೀಕ್ಷಣೆಯ ನಡುನಡುವೆ ಪರಿಚಿತ ಆಕಾಶಕಾಯವೊಂದರತ್ತ ತಟ್ಟೆ ತಿರುಗಿಸಿ ಪ್ರಾವಸ್ಥೆಯನ್ನು ಸರಿಹೊಂದಿಸಿಕೊಂಡರೆ ಕೆಲಸ ಸಾಗುತ್ತದೆ. ಕಡಿಮೆ ಆವರ್ತನಗಳಲ್ಲಿ ಅಯಾನುಗೋಳ ಮಾಡುವ ಕಾಟದ ಮುಂದೆ ಫೈಬರ್‌ನದು ಸಣ್ಣದು. ಅಗತ್ಯ ಎಷ್ಟೆಂದು ಅಳೆದು ಅಷ್ಟಕ್ಕೇ ಕಟ್ಟಿದ ವ್ಯವಸ್ಥೆ ಇದು. ಎಲ್ಲೆಡೆಯೂ 10⁻¹⁸ ಬೇಕಿಲ್ಲ.

ದಕ್ಷಿಣ ಆಫ್ರಿಕಾದ ಕರೂ ಬಯಲಿನಲ್ಲಿ ಎದ್ದೇಳುತ್ತಿರುವ ಎಸ್‌ಕೆಎ ದೂರದರ್ಶಕದ 197 ತಟ್ಟೆಗಳು 150 ಕಿಲೋಮೀಟರ್‌ವರೆಗೆ ಹರಡಲಿವೆ, 15 ಗಿಗಾಹರ್ಟ್ಸ್‌ಗೂ ಮೇಲೆ ಕೆಲಸ ಮಾಡಲಿವೆ. ಅಲ್ಲಿ ಜಿಎಂಆರ್‌ಟಿಯ ರೀತಿ ಸಾಲದು. ಅದಕ್ಕಾಗಿ ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ತಂಡ ಕಂಬಗಳ ಮೇಲೆ ತೂಗುವ ಫೈಬರ್‌ನಲ್ಲೂ ತನ್ನ ತಿದ್ದುವ ವ್ಯವಸ್ಥೆಯನ್ನು ಪರೀಕ್ಷಿಸಿದೆ. ಎಸ್‌ಕೆಎ ಎಂಬ ಈ ಅಂತರರಾಷ್ಟ್ರೀಯ ಯೋಜನೆಯಲ್ಲಿ ಭಾರತವೂ ಪಾಲುದಾರ. ಜಿಎಂಆರ್‌ಟಿ ನಡೆಸುವ ಪುಣೆಯ ಎನ್‌ಸಿಆರ್‌ಎ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಮೊದಲಾದವು ಅದರಲ್ಲಿ ತೊಡಗಿವೆ.

ಇತರ ರೂಪಗಳು: ಜಿನೀವಾದ ಸರ್ನ್‌ನಲ್ಲಿ ಹುಟ್ಟಿದ ವೈಟ್ ರ್ಯಾಬಿಟ್ ಪದ್ಧತಿ ಈಥರ್‌ನೆಟ್ ಜಾಲದ ಮೇಲೆಯೇ ಆವರ್ತನವನ್ನೂ ಸಮಯವನ್ನೂ ಒಂದು ನ್ಯಾನೊಸೆಕೆಂಡ್‌ಗಿಂತ ಒಳಗಿನ ನಿಖರತೆಯಲ್ಲಿ ಹಂಚುತ್ತದೆ. ಅದರ ವಿನ್ಯಾಸ ಎಲ್ಲರಿಗೂ ಮುಕ್ತ. ಫಿನ್‌ಲ್ಯಾಂಡ್‌ನಲ್ಲಿ ಎಸ್ಪೂದಿಂದ ಕಯಾನಿಯವರೆಗೆ 950 ಕಿಲೋಮೀಟರ್ ದೂರಕ್ಕೂ ಅದನ್ನು ಒಯ್ದಿದ್ದಾರೆ. ಹ್ಯಾಂಬರ್ಗ್ ಬಳಿಯ 3.4 ಕಿಲೋಮೀಟರ್ ಉದ್ದದ ಯುರೋಪಿಯನ್ ಎಕ್ಸ್ಎಫ್ಇಎಲ್ ಯಂತ್ರದಲ್ಲಿ ಸೈನ್ ಅಲೆಯ ಬದಲು ಲೇಸರ್ ಸ್ಪಂದಗಳನ್ನು ಫೈಬರ್‌ನಲ್ಲಿ ಕಳುಹಿಸಿ ಫೆಮ್ಟೊಸೆಕೆಂಡ್ ಮಟ್ಟದ ಹೊಂದಾಣಿಕೆ ಸಾಧಿಸಿದ್ದಾರೆ.

ಫೈಬರನ್ನೇ ಬದಲಿಸುವ ಪ್ರಯತ್ನವೂ ನಡೆದಿದೆ. ಸೌತಾಂಪ್ಟನ್‌ನಲ್ಲಿ ರೂಪುಗೊಂಡ ಟೊಳ್ಳು ಫೈಬರ್‌ನಲ್ಲಿ ಬೆಳಕು ಗಾಜಿನ ಬದಲು ಗಾಳಿಯಲ್ಲಿ ಸಾಗುತ್ತದೆ. ವಕ್ರೀಭವನ ಸೂಚ್ಯಂಕದ ಬಾಧೆ ತಪ್ಪಿ, ಗಾಜಿನ ಹಿಗ್ಗುವಿಕೆಯಷ್ಟೇ ಉಳಿಯುತ್ತದೆ. ಕಿಲೋಮೀಟರ್‌ಗೆ ಡಿಗ್ರಿಗೆ 40 ಪಿಕೊಸೆಕೆಂಡ್ ಇದ್ದದ್ದು 2ರ ಸುಮಾರಿಗೆ ಇಳಿಯುತ್ತದೆ.

ತಿದ್ದಿ ಎಸೆಯುತ್ತಿದ್ದ ದೋಷಸಂಕೇತಕ್ಕೂ ಈಗ ಬೆಲೆ ಬಂದಿದೆ. ಫೈಬರ್ ಎಷ್ಟು ಅಲುಗಿತೆಂಬ ಈ ದಾಖಲೆಯಲ್ಲಿ ಭೂಕಂಪದ ಅಲೆಗಳು ಕಾಣುತ್ತವೆಂದು ಬ್ರಿಟನ್ನಿನ ಎನ್‌ಪಿಎಲ್ ಮತ್ತು ಇಟಲಿಯ ಇನ್ರಿಮ್ ಸಂಸ್ಥೆಗಳ ವಿಜ್ಞಾನಿಗಳು 2018ರಲ್ಲಿ ತೋರಿಸಿದರು. ಗಡಿಯಾರಗಳಿಗಾಗಿ ಹಾಕಿದ ನೆಲದ ಫೈಬರ್‌ಗಳಲ್ಲೂ ಮಾಲ್ಟಾ–ಸಿಸಿಲಿ ನಡುವಿನ ಸಮುದ್ರದಡಿಯ ಕೇಬಲ್‌ನಲ್ಲೂ, 25 ಕಿಲೋಮೀಟರ್‌ನಿಂದ 18,500 ಕಿಲೋಮೀಟರ್ ದೂರದಲ್ಲಿ ಕೇಂದ್ರವಿದ್ದ ಕಂಪನಗಳು ಸಿಕ್ಕವು. ಭೂಕಂಪಮಾಪಕಗಳು ಬಹುತೇಕ ನೆಲದ ಮೇಲಷ್ಟೇ ಇರುವುದರಿಂದ, ಸಮುದ್ರದ ತಳದಲ್ಲಿ ಆಗಲೇ ಮಲಗಿರುವ ದೂರಸಂಪರ್ಕ ಕೇಬಲ್‌ಗಳನ್ನು ಈ ಕೆಲಸಕ್ಕೆ ಹಚ್ಚುವ ಪ್ರಯೋಗಗಳು ಮುಂದುವರಿದಿವೆ.